ಯಾವುದರ ಕಿಲೋ?

ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರಕ್ಕೆ ನಾಣ್ಯ ಹಾಕಿದರೆ ಹಿಂದೆಲ್ಲ ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ. ಅದು ಯಾವುದರ ತೂಕ ಎಂದು ಮಾತ್ರ ಚೀಟಿ ಹೇಳುತ್ತಿರಲಿಲ್ಲ. ‘ಮಾತ್ರೆ ಶುರು ಮಾಡಿದ ಮೇಲೆ ದಪ್ಪಗಾದೆ’ ಎನ್ನುವವರಿಗೆ ಕೇಳಬೇಕಾದದ್ದು ಅದನ್ನೇ: ಬಂದದ್ದು ಕೊಬ್ಬೋ, ನೀರೋ, ಕಾಯಿಲೆ ಕಿತ್ತುಕೊಂಡಿದ್ದ ಮೈಯೇ ಮರಳಿತೋ?

ಸಕ್ಕರೆ ಕಾಯಿಲೆಯನ್ನು ನೋಡಿ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡಗಳಿಗೆ ಅದನ್ನು ತಡೆದಿಡಲಾಗದು. ಉಂಡದ್ದರಲ್ಲಿ ಒಂದು ಪಾಲು ಮೂತ್ರದಲ್ಲಿ ಸೋರಿಹೋಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಿಂದ ಸಕ್ಕರೆ ಹತೋಟಿಗೆ ಬಂದಾಗ ಆ ಸೋರಿಕೆ ನಿಲ್ಲುತ್ತದೆ. ಊಟ ಅಷ್ಟೇ ಇದ್ದರೂ ಈಗ ಅದು ಮೈಗೆ ಹತ್ತುತ್ತದೆ. ಜತೆಗೆ ‘ಶುಗರ್ ಲೋ ಆದೀತು’ ಎಂಬ ಅಂಜಿಕೆಯಲ್ಲಿ ಬಾಯಿಗೆ ಹೋಗುವ ಬಿಸ್ಕತ್ತುಗಳ ಲೆಕ್ಕ ಯಾರೂ ಇಡುವುದಿಲ್ಲ. ಪದೇ ಪದೇ ಲೋ ಆಗುತ್ತಿದ್ದರೆ ಡೋಸ್ ಸರಿಯಿದೆಯೇ ಎಂದು ವೈದ್ಯರನ್ನು ಕೇಳಬೇಕು.

ಸ್ಟೀರಾಯ್ಡ್ ಕತೆ ಬೇರೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ, ಕೀಲುವಾತದಿಂದ ನಡೆಯಲಾಗದಿದ್ದ ಹೆಂಗಸು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಮತ್ತು ಇಬ್ಬರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಅಷ್ಟರೊಳಗೆ ರೋಗಿಗಳ ದುಂಡಗಾದ ಮುಖವೂ ವೈದ್ಯರ ಕಣ್ಣಿಗೆ ಬಿದ್ದಿತ್ತು. ಇಂದಿನ ಪ್ರೆಡ್ನಿಸೊಲೋನ್ ಕೂಡ ಹಸಿವು ಕೆರಳಿಸುತ್ತದೆ, ಉಪ್ಪು-ನೀರು ಹಿಡಿದಿಡುತ್ತದೆ, ಕೊಬ್ಬನ್ನು ಮುಖಕ್ಕೂ ಹೊಟ್ಟೆಗೂ ಕತ್ತಿನ ಹಿಂಭಾಗಕ್ಕೂ ಸಾಗಿಸಿ ಕೈಕಾಲಿನ ಸ್ನಾಯು ಸವೆಸುತ್ತದೆ. ಇದನ್ನು ಕಂಡು ಗಾಬರಿಯಾಗಿ ಮಾತ್ರೆಯನ್ನು ತಟ್ಟನೆ ಬಿಡುವುದು ಇನ್ನೂ ಅಪಾಯ. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ಬಂದರೆ ನಮ್ಮದೇ ಅಡ್ರಿನಲ್ ಗ್ರಂಥಿ ಕೆಲಸ ಮರೆತಿರುತ್ತದೆ. ಅದು ಎಚ್ಚರಾಗುವವರೆಗೆ ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಇಷ್ಟೆಲ್ಲ ಗೊತ್ತಿದ್ದೂ ‘ಮದುವೆಗೆ ಮುಂಚೆ ಮೈ ತುಂಬಲಿ’ ಎಂದು ಹುಡುಗಿಯರಿಗೆ ದಪ್ಪ ಆಗುವ ಪುಡಿ ತಿನ್ನಿಸುವವರಿದ್ದಾರೆ. ಲೇಬಲ್ ಇಲ್ಲದ ಅಂಥ ಪುಡಿಯಲ್ಲಿ ಸ್ಟೀರಾಯ್ಡ್ ಇದ್ದರೂ ತಿಳಿಯದು. ಅಲರ್ಜಿಗೆಂದು ಬಂದ ಸೈಪ್ರೊಹೆಪ್ಟಡೀನ್ ಮಾತ್ರೆಯನ್ನೂ ಹಸಿವಿಗೆಂದು ಚೀಟಿಯಿಲ್ಲದೆ ಕೊಳ್ಳುತ್ತಾರೆ. ಅಡ್ಡಪರಿಣಾಮವನ್ನು ದುಡ್ಡು ಕೊಟ್ಟು ತರುವುದೆಂದರೆ ಇದೇ.

ನನಗೆ ಹೆಚ್ಚು ಸಂಕಟವೆನಿಸುವುದು ಮನೋರೋಗದ ಔಷಧಿಗಳ ವಿಷಯ. ಒಲಾಂಜಪಿನ್ ಮತ್ತು ಕ್ಲೋಜಪಿನ್, ಹೊಟ್ಟೆ ತುಂಬಿತು ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ವ್ಯವಸ್ಥೆಗೇ ಅಡ್ಡ ಬರುತ್ತವೆ. ಉಂಡು ಎದ್ದವನಿಗೆ ಮತ್ತೆ ಹಸಿವು. ಮನೆಯವರು ‘ತಿನ್ನೋದು, ಮಲಗೋದು, ಇಷ್ಟೇ ಆಯ್ತು’ ಎನ್ನುತ್ತಾರೆ. ಆತ ನಾಚಿ, ಗುಟ್ಟಾಗಿ ಮಾತ್ರೆ ಬಿಡುತ್ತಾನೆ, ಕಾಯಿಲೆ ಮರುಕಳಿಸುತ್ತದೆ. ಚೀಟಿ ಬರೆದ ದಿನವೇ ‘ಇದು ಹಸಿವು ಹೆಚ್ಚಿಸುತ್ತದೆ, ಸೋಮಾರಿತನವಲ್ಲ’ ಎಂದು ರೋಗಿಗೂ ಮನೆಯವರಿಗೂ ಹೇಳುವುದಕ್ಕೆ ಎರಡು ನಿಮಿಷ ಸಾಕು. ಆ ದಿನದ ತೂಕ, ಸೊಂಟದ ಸುತ್ತಳತೆ, ಸಕ್ಕರೆ ಬರೆದಿಟ್ಟರೆ ಮೊದಲ ತಿಂಗಳಲ್ಲೇ ಏರಿಕೆ ಗೊತ್ತಾಗುತ್ತದೆ. ಆಗ ಅರಿಪಿಪ್ರಜೋಲ್‌ನಂಥ, ತೂಕ ಅಷ್ಟಾಗಿ ಏರಿಸದ ಔಷಧಿಗೆ ಬದಲಾಯಿಸಬಹುದು, ಇಲ್ಲವೇ ಮೆಟ್‌ಫಾರ್ಮಿನ್ ಸೇರಿಸಬಹುದು. ಆ ನಿರ್ಧಾರ ವೈದ್ಯರದು. ಕೇಳುವ ಹಕ್ಕು ರೋಗಿಯದು.

ನೀರಿನ ತೂಕವನ್ನು ಮನೆಯಲ್ಲೇ ಗುರುತಿಸಬಹುದು. ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಕೆಲ ಕ್ಷಣ ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ಅಲ್ಲಿ ನೀರು ತುಂಬಿದೆ. ಬಿಪಿಯ ಆಮ್ಲೋಡಿಪಿನ್‌ನಿಂದ ಪಾದ ಊದುವುದುಂಟು, ಅದು ಕೊಬ್ಬಲ್ಲ. ಆದರೆ ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ನುಂಗುವವರಿಗೆ ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿ, ಮಲಗಿದರೆ ಉಸಿರು ಕಟ್ಟಿದಂತಾದರೆ ಸೋಮವಾರದವರೆಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.