ಎಂಜಿನ್ ದುಪ್ಪಟ್ಟಾದರೆ ದೋಣಿಯ ವೇಗವೂ ದುಪ್ಪಟ್ಟಾಗುತ್ತದೆಯೇ?

ಅಂಕೋಲೆಯ ಕೇಣಿಯಂಥ ಊರಿನಲ್ಲಿ ಹೊಸ ದೋಣಿ ಕೊಳ್ಳುವಷ್ಟು ಹಣ ಎಲ್ಲರ ಬಳಿಯೂ ಇರುವುದಿಲ್ಲ. ಹಾಗಾಗಿ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು, ಅದಕ್ಕೆ ಔಟ್‌ಬೋರ್ಡ್ ಎಂಜಿನ್ ಕೂರಿಸಿ ಮೀನುಗಾರಿಕೆಗೆ ಇಳಿಯುವವರು ಹಲವರು. ದೋಣಿ ಕೈಗೆ ಬಂದ ಕೂಡಲೇ ಏಳುವ ಪ್ರಶ್ನೆ: “ಇದಕ್ಕೆ ಇನ್ನೂ ದೊಡ್ಡ ಎಂಜಿನ್ ಹಾಕಿದರೆ ಬೇಗ ಹೋಗಿ ಬೇಗ ಬರಬಹುದಲ್ಲವೇ?” ಬೇಗ ದಡ ಸೇರಿದ ಮೀನಿಗೆ ಒಳ್ಳೆಯ ಬೆಲೆ ಸಿಗುವುದರಿಂದ ಈ ಆಸೆ ಸಹಜವೇ. ಆದರೆ ದೊಡ್ಡ ಎಂಜಿನ್ ಎಂದರೆ ಹೆಚ್ಚು ವೇಗ ಎಂಬ ಲೆಕ್ಕ ರಸ್ತೆಯಲ್ಲಿ ಕಂಡಷ್ಟು ನೇರವಾಗಿ ನೀರಿನಲ್ಲಿ ನಡೆಯುವುದಿಲ್ಲ.

ದೋಣಿಗೆ ಅಡ್ಡ ಬರುವುದು ಅದರದೇ ಅಲೆ

ದೋಣಿ ಸಾಗುವಾಗ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಇದರಿಂದ ಮುಂಭಾಗದಲ್ಲಿ ಅಲೆಯೊಂದು ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ ದೋಣಿ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಅಲ್ಲಿಂದ ಮುಂದೆ ಹೋಗಬೇಕೆಂದರೆ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಬೇಕು. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ತೊಟ್ಟಿಯ ನೀರಿನಲ್ಲಿ ಹಡಗಿನ ಮಾದರಿಗಳನ್ನು ಎಳೆದು ಈ ಪ್ರತಿರೋಧವನ್ನು ಅಳೆದಿದ್ದರು.

ನೀರಿಗೆ ತಾಗುವ ಭಾಗ 7 ಮೀಟರ್ ಉದ್ದವಿರುವ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 12 ಕಿ.ಮೀ. ಅಷ್ಟು ವೇಗ ತಲುಪುವ ಮೊದಲೂ ಲೆಕ್ಕ ದುಬಾರಿಯೇ. ನೀರಿನ ಪ್ರತಿರೋಧ ಸುಮಾರಾಗಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚಿದರೆ, ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ 10 ಎಚ್‌ಪಿಯಲ್ಲಿ ಗಂಟೆಗೆ 10 ಕಿ.ಮೀ. ಹೋಗುವ ದೋಣಿಗೆ 20 ಎಚ್‌ಪಿ ಕೊಟ್ಟರೆ ಸಿಗುವುದು 20 ಕಿ.ಮೀ. ಅಲ್ಲ, ಹೆಚ್ಚೆಂದರೆ 12.6 ಕಿ.ಮೀ. ಅಲೆಯ ಮಿತಿ ಎದುರಾದರೆ ಅದೂ ಸಿಗುವುದಿಲ್ಲ. 12 ಕಿ.ಮೀ. ದೂರದಿಂದ ಮರಳುವಾಗ ಉಳಿಯುವ ಸಮಯ 15 ನಿಮಿಷ. ಅದಕ್ಕಾಗಿ ಉರಿಯುವ ಇಂಧನ ಸುಮಾರು 60% ಹೆಚ್ಚು.

ಹಾಗಾದರೆ ಕೆಲವು ದೋಣಿಗಳು ನೀರಿನ ಮೇಲೆ ಹಾರಿದಂತೆ ಓಡುವುದು ಹೇಗೆ? ತಳ ಚಪ್ಪಟೆಯಾಗಿದ್ದು, ಹಿಂಭಾಗ ಅಗಲವಾಗಿದ್ದು, ತೂಕ ಕಡಿಮೆ ಇದ್ದರೆ ದೋಣಿ ತನ್ನ ಅಲೆಯನ್ನು ಹತ್ತಿ ನೀರಿನ ಮೇಲೆ ಜಾರತೊಡಗುತ್ತದೆ. ಆಗ ಮೇಲಿನ ಮಿತಿ ಅನ್ವಯಿಸುವುದಿಲ್ಲ. ಆದರೆ ಬಲೆ, ಮಂಜುಗಡ್ಡೆ, ನಾಲ್ಕು ಜನ, ಮೇಲೆ ಮೀನು ಎಂದು ತುಂಬಿದ ದೋಣಿ ಹೀಗೆ ಮೇಲೇಳುವುದು ಕಷ್ಟ. ಮಾರುವವರು ಖಾಲಿ ದೋಣಿ ಓಡಿಸಿ ತೋರಿಸಿದ ವೇಗವನ್ನು ನಂಬಬಾರದು ಎನ್ನುವುದು ಇದಕ್ಕೇ. ಭಾರ ಹಾಕಿಸಿಯೇ ಓಡಿಸಿ ನೋಡಬೇಕು.

ಕಳೆದುಹೋದ ವೇಗ ಎಲ್ಲಿದೆ?

ಹಳೆಯ ದೋಣಿ ನಿಧಾನವಾಗಿದ್ದರೆ ಎಂಜಿನ್ ಮೇಲೆ ತಪ್ಪು ಹೊರಿಸುವ ಮುನ್ನ ಮೂರು ಕಡೆ ನೋಡಬೇಕು.

ಮೊದಲನೆಯದು ತಳ. ಅಲ್ಲಿ ಅಂಟಿ ಬೆಳೆದ ಪಾಚಿ, ಚಿಪ್ಪುಜೀವಿಗಳು ನೀರಿನ ಘರ್ಷಣೆಯನ್ನು ಬಹಳ ಹೆಚ್ಚಿಸುತ್ತವೆ. ಕೆರೆದು ಸ್ವಚ್ಛ ಮಾಡಲು ಬೇಕಾಗುವುದು ಒಂದು ದಿನದ ದುಡಿಮೆ.

ಎರಡನೆಯದು ತೂಕ. ಫೈಬರ್ ಪದರಗಳ ನಡುವಿನ ಮರದ ಹಲಗೆ ಅಥವಾ ಫೋಮ್ ವರ್ಷಗಟ್ಟಲೆ ನೀರು ಹೀರಿ ಭಾರವಾಗಿರಬಹುದು. ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಬೋದು ಸದ್ದು ಬಂದರೆ ಪದರ ಬಿಟ್ಟಿರುವ ಸಾಧ್ಯತೆ ಇದೆ. ಎಂಜಿನ್ನಿನ ಕೆಳಭಾಗ ಹಿಡಿದು ಅಲುಗಾಡಿಸಿದಾಗ ಅದು ಕೂತಿರುವ ಹಿಂಬದಿಯ ಹಲಗೆ ಬಾಗಿದರೆ ಒಳಗಿನ ಮರ ಕೊಳೆತಿರಬಹುದು. ಅಂಥ ಹಲಗೆಯ ಮೇಲೆ ಇನ್ನೂ ಭಾರದ, ಇನ್ನೂ ಬಲವಾಗಿ ತಳ್ಳುವ ಎಂಜಿನ್ ಕೂರಿಸುವುದು ಅಪಾಯವನ್ನು ಕೈಯಾರೆ ಕರೆದಂತೆ.

ಮೂರನೆಯದು ಪ್ರೊಪೆಲ್ಲರ್, ಅಂದರೆ ಫ್ಯಾನು. ಇದು ಸೈಕಲ್ಲಿನ ಗೇರಿದ್ದಂತೆ. ಅಲಗುಗಳ ಓರೆ ಹೆಚ್ಚಿದ್ದರೆ ಎಂಜಿನ್ ಉಸಿರುಗಟ್ಟುತ್ತದೆ, ಕಡಿಮೆಯಿದ್ದರೆ ಸುಮ್ಮನೆ ಗಿರ್ರನೆ ತಿರುಗುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುತ್ತಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಗೇರ್ ಎಣ್ಣೆ ಹಾಲಿನಂತೆ ಬಿಳಿಚಿದ್ದರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥ.

ಮಳೆಗಾಲದ ಲೆಕ್ಕ

ಕರ್ನಾಟಕದ ಕರಾವಳಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಎಚ್‌ಪಿವರೆಗಿನ ಎಂಜಿನ್ ಬಳಸುವ ನಾಡದೋಣಿಗಳಿಗೆ ಇದರಿಂದ ವಿನಾಯಿತಿ ಇದೆ. 9.9 ಎಚ್‌ಪಿ ಎಂಜಿನ್ ತೆಗೆದು 25 ಎಚ್‌ಪಿ ಹಾಕಿದವರು ಈ ವಿನಾಯಿತಿಯ ಹೊರಗೆ ಬೀಳುತ್ತಾರೆ. ಮೀನಿಗೆ ಬೇಡಿಕೆ ಹೆಚ್ಚಿರುವ, ಪೂರೈಕೆ ಕಡಿಮೆಯಿರುವ ಎರಡು ತಿಂಗಳ ಗಳಿಕೆಯನ್ನು 15 ನಿಮಿಷದ ಉಳಿತಾಯಕ್ಕಾಗಿ ಬಿಟ್ಟುಕೊಟ್ಟಂತೆ. ದೋಣಿ ಕೊಳ್ಳುವಾಗ ನೋಂದಣಿ ಮತ್ತು ಪರವಾನಗಿ ಪತ್ರಗಳಲ್ಲಿರುವ ಎಂಜಿನ್ ವಿವರ, ದೋಣಿಯಲ್ಲಿರುವ ಎಂಜಿನ್ನಿಗೆ ಹೊಂದುತ್ತದೆಯೇ ಎಂದೂ ನೋಡಿಕೊಳ್ಳಬೇಕು.

ವಿನಾಯಿತಿ ಇದೆ ಎಂದ ಮಾತ್ರಕ್ಕೆ ಕಡಲು ಸೌಮ್ಯವಾಗಿದೆ ಎಂದಲ್ಲ. ಅಳಿವೆ ದಾಟುವಾಗ ಹಿಂದಿನಿಂದ ಬರುವ ಅಲೆ ಚಿಕ್ಕ ದೋಣಿಗೆ ದೊಡ್ಡ ಗಂಡಾಂತರ. ಭಾರದ ಎಂಜಿನ್ ದೋಣಿಯ ಹಿಂಭಾಗವನ್ನು ತಗ್ಗಿಸಿದಷ್ಟೂ ಆ ಅಲೆ ಒಳನುಗ್ಗುವುದು ಸುಲಭವಾಗುತ್ತದೆ.

ಹಾಗೆಂದು ದೊಡ್ಡ ಎಂಜಿನ್ ಯಾರಿಗೂ ಬೇಡ ಎಂದಲ್ಲ. ತಳದ ಆಕಾರ ಜಾರುವಂಥದ್ದಾಗಿದ್ದು, ಹಿಂಬದಿಯ ಹಲಗೆ ಗಟ್ಟಿಯಿದ್ದು, ದೂರದ ಮೀನುಗಾರಿಕೆಯೇ ಮುಖ್ಯವಾಗಿದ್ದರೆ ಅದು ಲಾಭ ತರಬಹುದು. ಉಳಿದವರು ಮೊದಲು ತಳ ಕೆರೆಯಲಿ, ತೂಕ ಇಳಿಸಲಿ, ಫ್ಯಾನು ಸರಿಪಡಿಸಲಿ. ಅದಾದ ಮೇಲೂ ವೇಗ ಸಾಲದಿದ್ದರೆ ಹೊಸ ಎಂಜಿನ್ನಿನ ಮಾತು.