ಓಡುವ ಡೇಟಾಬೇಸಿನ ನಾಡಿ

ಗುಬ್ಬಿಯ ರೈತನೊಬ್ಬನು ತನ್ನ ತೋಟವನ್ನು ಮಾರಬೇಕಾದರೆ, ಆ ನೆಲದ ಮೇಲೆ ನೋಂದಣಿಯಾದ ಅಡಮಾನವಾಗಲಿ ಬೇರೆ ಭಾರವಾಗಲಿ ಇಲ್ಲವೆಂಬುದಕ್ಕೆ ಋಣಭಾರ ಪತ್ರವನ್ನು ಪಡೆಯಬೇಕಷ್ಟೆ. ಹಿಂದೆ ಗುಮಾಸ್ತರು ದಪ್ಪ ಪುಸ್ತಕಗಳನ್ನು ತಿರುವಿಹಾಕಿ ಇದನ್ನು ಬರೆದುಕೊಡುತ್ತಿದ್ದರು. ಈಗ ಗುಬ್ಬಿಯಲ್ಲಾಗಲಿ, ಕುಣಿಗಲಿನಲ್ಲಾಗಲಿ, ತುಮಕೂರಿನಲ್ಲಾಗಲಿ ಈ ಕೆಲಸ ನಡೆಯುವುದು 2023ರಲ್ಲಿ ಜಾರಿಗೆ ಬಂದ ‘ಕಾವೇರಿ 2.0’ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ. ಪುಸ್ತಕದ ಸ್ಥಾನಕ್ಕೆ ಡೇಟಾಬೇಸ್ ಬಂದಿದೆ. ಪುಟ ತಿರುವುವ ಕೆಲಸವನ್ನು ‘ಕ್ವೆರಿ’ ಎಂಬ ಪ್ರಶ್ನೆ ಮಾಡುತ್ತದೆ.

ಈ ಪ್ರಶ್ನೆಗೆ ಉತ್ತರ ತಡವಾದರೆ ಮಾಡತಕ್ಕದ್ದೇನು? ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನ್ನುವುದು ಒಂದು ದಾರಿ. ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದು ಇನ್ನೊಂದು. ಹೆಚ್ಚು ಬಲದ ಯಂತ್ರವನ್ನು ಕೊಳ್ಳುವುದು ಮೂರನೆಯದು. ಇವು ಮೂರೂ ರೋಗವನ್ನು ಅರಿಯದೆ ಕೊಡುವ ಮದ್ದುಗಳೆಂಬುದು ನಮ್ಮ ಅಭಿಪ್ರಾಯ. ಕಾಲುವೆಯ ನೀರು ಕೊನೆಯ ಗದ್ದೆಗೆ ಮುಟ್ಟದಿದ್ದರೆ, ನೀರು ಹರಿಯುತ್ತಿರುವಾಗಲೇ ಏರಿಯ ಮೇಲೆ ನಡೆದು ನೋಡಬೇಕು. ಡೇಟಾಬೇಸಿನ ಮಾತೂ ಹಾಗೆಯೇ.

ನಿಧಾನಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು ಸೂಚಿಯ ಅಭಾವ. ‘ಭೂಮಿ’ ಯೋಜನೆಯಲ್ಲಿ ಈ ಶತಮಾನದ ಆರಂಭದಲ್ಲಿಯೇ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಷ್ಟು ದಾಖಲೆಗಳಲ್ಲಿ ಒಂದನ್ನು ಹುಡುಕಬೇಕೆನ್ನಿ. ಕ್ರಮವಾಗಿ ಜೋಡಿಸಿದ ಸೂಚಿಯಿದ್ದರೆ, ಹೆಜ್ಜೆಹೆಜ್ಜೆಗೂ ಅರ್ಧ ಭಾಗವನ್ನು ಕೈಬಿಡುತ್ತ ಹೋದರೂ 25 ಹೆಜ್ಜೆಗಳು ಸಾಕು. ಇಲ್ಲದಿದ್ದರೆ 2 ಕೋಟಿಯನ್ನೂ ಓದಬೇಕಾದೀತು. ಎರಡನೆಯದು ಬೀಗ. ಇಬ್ಬರು ಒಂದೇ ದಾಖಲೆಯನ್ನು ತಿದ್ದಹೊರಟರೆ, ಮೊದಲಿನವನು ಮುಗಿಸುವ ತನಕ ಎರಡನೆಯವನು ಕಾಯಬೇಕು. ಆಗ ಯಂತ್ರ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಮೂರನೆಯದು ಪ್ರಶ್ನೆಗಳ ನೆರೆ. ಸಾಲಿನಲ್ಲಿ ನಿಂತ ರೈತನಿಗೆ ಮೂರೂ ಒಂದೇ ಆಗಿ ತೋರುತ್ತವೆ.

ಇವುಗಳನ್ನು ಬೇರ್ಪಡಿಸಿ ತೋರಿಸುವ ಸಾಧನಗಳು ಇಲ್ಲದಿಲ್ಲ. ಯಾರಾದರೂ ಉಚಿತವಾಗಿ ಪಡೆಯಬಹುದಾದ ‘ಪೋಸ್ಟ್‌ಗ್ರೆಸ್’ ಡೇಟಾಬೇಸಿನಲ್ಲಿ, ಈ ಕ್ಷಣದಲ್ಲಿ ಯಾವ ಪ್ರಶ್ನೆ ಓಡುತ್ತಿದೆ, ಎಂದು ಆರಂಭವಾಯಿತು, ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ತಿಳಿಸುವ ಪಟ್ಟಿಯೊಂದುಂಟು. ‘ಮೈಎಸ್‌ಕ್ಯುಎಲ್’ ನಿಧಾನವಾದ ಪ್ರಶ್ನೆಗಳನ್ನು ದಿನಚರಿಯಲ್ಲಿ ಬರೆದಿಡಬಲ್ಲುದು. ನಾವು ಬದಲಿಸದಿದ್ದರೆ ಅದರ ಗಡುವು 10 ಸೆಕೆಂಡು. ‘ಎಕ್ಸ್‌ಪ್ಲೇನ್’ ಎಂಬ ಆಜ್ಞೆ, ಪ್ರಶ್ನೆಯು ಸೂಚಿಯನ್ನು ಹಿಡಿದು ಹೋಗುವುದೊ ಎಲ್ಲ ಸಾಲುಗಳನ್ನೂ ಓದುವುದೊ ಎಂಬುದನ್ನು ಬಿಡಿಸಿ ಹೇಳುತ್ತದೆ.

ನೋಡಿದುದರ ಫಲವೇನೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. 2025ರ ಆರಂಭದಲ್ಲಿ ಕಾವೇರಿ ವ್ಯವಸ್ಥೆ ಕುಂಟಿ, ರಾಜ್ಯದಲ್ಲೆಲ್ಲ ನೋಂದಣಿಗೆ ಬಂದವರು ತೊಂದರೆಗೊಳಗಾದರು. ಬಂದ ಕೋರಿಕೆಗಳನ್ನು ಪರಿಶೀಲಿಸಲಾಗಿ, ಜನವರಿಯಲ್ಲಿ ಎರಡೇ ಗಂಟೆಗಳಲ್ಲಿ ಸುಮಾರು 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದುದು ತಿಳಿಯಿತೆಂದು ವರದಿಯಾಯಿತು. ಅವು 62 ಇ-ಮೇಲ್ ಖಾತೆಗಳನ್ನು ಬಳಸಿ 14 ಅಂತರ್ಜಾಲ ವಿಳಾಸಗಳಿಂದ ಬಂದಿದ್ದವು. ಋಣಭಾರ ಪತ್ರದ ಹುಡುಕಾಟವೇ ಈ ದಾಳಿಯ ಆಯುಧವಾಗಿತ್ತು. ಯಂತ್ರ ಸಣ್ಣದೆಂದು ಭಾವಿಸಿ ದೊಡ್ಡದನ್ನು ತಂದಿದ್ದರೆ, ದಾಳಿಗೆ ಹೆಚ್ಚು ಊಟ ಬಡಿಸಿದಂತಾಗುತ್ತಿತ್ತು!

ನೋಡುವುದಕ್ಕೂ ಬೆಲೆಯುಂಟೆಂದು ಕೆಲವರು ಆಕ್ಷೇಪಿಸುವರು. ಅದು ನಿಜವೇ. ‘ಎಕ್ಸ್‌ಪ್ಲೇನ್ ಅನಲೈಜ್’ ಎಂಬ ಆಜ್ಞೆ ಪ್ರಶ್ನೆಯನ್ನು ನಿಜವಾಗಿ ನಡೆಸಿಯೇ ಕಾಲವನ್ನು ಅಳೆಯುವುದರಿಂದ, ಬಳಲಿದ ಯಂತ್ರಕ್ಕೆ ಇನ್ನಷ್ಟು ಹೊರೆಯಾಗುತ್ತದೆ. ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಓಡುವ ಪ್ರಶ್ನೆಯಲ್ಲಿ ಜನರ ಹೆಸರು, ಸರ್ವೆ ನಂಬರುಗಳು ಅಡಗಿರುತ್ತವೆ. ನಾಡಿ ಹಿಡಿಯುವ ವೈದ್ಯನು ರೋಗಿಯ ಪೆಟ್ಟಿಗೆಯನ್ನು ತೆರೆಯಬೇಕಾಗಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯ ಬಳಕೆದಾರನಿಗೆ ಇತರರ ಪ್ರಶ್ನೆ ಕಾಣಿಸದಂತೆ ಏರ್ಪಾಡಿದೆ. ಹೆಸರುಗಳ ಜಾಗದಲ್ಲಿ ಬರಿಯ ಗುರುತನ್ನಿಟ್ಟು ಕಾಲವನ್ನು ಲೆಕ್ಕ ಹಾಕುವ ಸಾಧನವೂ ಇದೆ. ಇವುಗಳನ್ನು ಬಳಸದೆ ಎಲ್ಲರಿಗೂ ಎಲ್ಲವನ್ನೂ ತೆರೆದಿಡುವುದು ತಪ್ಪು. ಆ ಭಯದಿಂದ ಕಣ್ಣನ್ನೇ ಮುಚ್ಚಿಕೊಳ್ಳುವುದೂ ತಪ್ಪು.

ವಿದ್ಯಾರ್ಥಿಗಳು ಪ್ರಶ್ನೆ ಬರೆಯುವುದನ್ನು ಕಲಿತರೆ ಸಾಲದು, ಅದು ಓಡುವುದನ್ನು ನೋಡಲೂ ಕಲಿಯಬೇಕು. ತುಮಕೂರಿನ ಯಾವ ಕಾಲೇಜಿನಲ್ಲಾದರೂ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಕಲ್ಪಿತ ಹೆಸರುಗಳ ಹತ್ತು ಲಕ್ಷ ಸಾಲುಗಳ ಕೋಷ್ಟಕವನ್ನು ಕಟ್ಟಬಹುದು. ಸೂಚಿಯಿಲ್ಲದೆ ಒಮ್ಮೆ, ಸೂಚಿಯಿಟ್ಟು ಒಮ್ಮೆ ಹುಡುಕಿ ಕಾಲವನ್ನು ಬರೆದುಕೊಳ್ಳಿ. ಬಳಿಕ ಎರಡು ಕಿಟಕಿಗಳನ್ನು ತೆರೆದು ಒಂದೇ ಸಾಲನ್ನು ತಿದ್ದಲು ಯತ್ನಿಸಿ, ಯಾವುದು ಯಾವುದನ್ನು ತಡೆದಿದೆ ಎಂಬುದನ್ನು ಮೂರನೆಯ ಕಿಟಕಿಯಲ್ಲಿ ಕಂಡುಹಿಡಿಯಿರಿ. ಮುಂದೆ ನಿಮ್ಮಲ್ಲೊಬ್ಬರು ಇಂಥ ವ್ಯವಸ್ಥೆಯ ಹೊಣೆ ಹೊತ್ತಾಗ, ಕುಣಿಗಲಿನ ಕಚೇರಿಯಲ್ಲಿ ಕೂಲಿ ಬಿಟ್ಟು ಕಾದವರಿಗೆ ‘ನಾಳೆ ಬನ್ನಿ’ ಎನ್ನುವ ಮೊದಲು ಕಾರಣವನ್ನಾದರೂ ತಿಳಿದಿರುವಿರಿ.