ಸೀಟು ಎತ್ತರಿಸೋದು ಶೋಕಿ ಅಲ್ಲ ಸ್ವಾಮಿ

ಫೋರ್ ವೀಲ್ ಡ್ರೈವ್ ಗಾಡಿಯ ಮಾತು ಬಂದರೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಟಾರ್ಕು, ಗ್ರೌಂಡ್ ಕ್ಲಿಯರೆನ್ಸು, ಡಿಫರೆನ್ಷಿಯಲ್ ಲಾಕು ಅಂತ ಅರ್ಧ ಗಂಟೆ ಆರಾಮಾಗಿ ಹೋಗುತ್ತೆ. ಸೀಟಿನ ಮಾತೆತ್ತಿ ನೋಡಿ, ಎಲ್ಲರೂ ಕಾಫಿ ಲೋಟ ಹಿಡಿದು ಎದ್ದು ಹೋಗ್ತಾರೆ. ದೊಡ್ಡ ಟಯರ್ ಹಾಕಿಸಿ ಗಾಡಿನ ನಾಲ್ಕಿಂಚು ಎತ್ತಿದವನು ವೀರ. ಮುಂದಿನ ರಸ್ತೆ ಕಾಣಲಿ ಅಂತ ಸೀಟನ್ನು ಮೂರಿಂಚು ಎತ್ತಿಸಿಕೊಂಡವರು ಮಾತ್ರ 'ಡ್ರೈವಿಂಗ್ ಬರದೇ ಇರೋರು'. ಇದ್ಯಾವ ಊರ ನ್ಯಾಯ?

ನಮ್ಮ ಮಲೆನಾಡಿನಲ್ಲಿ ಫೋರ್ ವೀಲ್ ಜೀಪು ಭಾನುವಾರದ ಆಟದ ಸಾಮಾನಲ್ಲ. ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರ್, ಅಡಿಕೆ ಮೂಟೆ, ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ಪಕ್ಕದ ಮನೆ ಹುಡುಗಿ, ಎಲ್ಲಾ ಅದರಲ್ಲೇ. ನನ್ನಂಥ ಗಂಡುಮಕ್ಕಳು ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೆ ಸ್ಟೇರಿಂಗ್ ಹಿಡಿದವರು ಊರಲ್ಲಿ ಉಳಿದವರು. ನಮ್ಮ ಮನೇಲಿ ಅದು ಅಕ್ಕ. ಅವಳ ಎತ್ತರ 4 ಅಡಿ 11 ಇಂಚು. 'ಪಾಪ, ಕುಳ್ಳಿ' ಅನ್ನಬೇಡಿ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರವೇ 5 ಅಡಿ ಆಸುಪಾಸು. ಅಂದರೆ ಅಕ್ಕನ ಅಳತೆ ಮಾಮೂಲಿ, ಸೀಟಿನ ಅಳತೆಯೇ ವಿಚಿತ್ರ. ನಮ್ಮ ಭಾಷೇಲಿ ಹೇಳೋದಾದ್ರೆ ಯಾರೋ ಆರಡಿ ಆಳಿಗೆ ಹಾರ್ಡ್‌ಕೋಡ್ ಮಾಡಿಟ್ಟಿದ್ದಾರೆ.

ಟಾರು ರಸ್ತೆಯಲ್ಲಿ ಇದು ಹೇಗೋ ನಡೆಯುತ್ತೆ. ತೋಟದ ದಾರಿಯಲ್ಲಿ ನಡೆಯೋದಿಲ್ಲ. ಏರು ಹತ್ತುವಾಗ ಗಾಡಿಯ ಮೂತಿ ಮೇಲೆದ್ದು ಬಾನೆಟ್ ಆಚೆ ಬರೀ ಆಕಾಶ ಕಾಣುತ್ತೆ. ಎಡಗಡೆ ಚರಂಡಿ, ಬಲಗಡೆ ಧರೆ, ಮುಂದಿನ ಚಕ್ರ ಯಾವ ಕಲ್ಲಿನ ಮೇಲಿದೆ ಅನ್ನೋದು ಗೊತ್ತಾಗಬೇಕಾದ್ದೇ ಅಲ್ಲಿ. ಇದು ಹಳೇ ರೋಗ. ಮಹೀಂದ್ರ ದಶಕಗಟ್ಟಲೆ ತಯಾರಿಸಿದ ಸಿಜೆ-3ಬಿ ಜೀಪಿನ ಬಾನೆಟ್ ಎದ್ದು ನಿಂತಿದ್ದೇ ಒಳಗೆ ಕೂರಿಸಿದ ಹರಿಕೇನ್ ಎಂಜಿನ್ ಹಿಂದಿನದಕ್ಕಿಂತ ಎತ್ತರ ಇತ್ತು ಅಂತ. ಎಂಜಿನ್‌ಗೋಸ್ಕರ ಬಾನೆಟ್ ಎತ್ತಬಹುದು, ಮನುಷ್ಯರಿಗೋಸ್ಕರ ಸೀಟು ಎತ್ತಬಾರದಾ?

'ದಿಂಬು ಹಾಕ್ಕೊಳ್ಳಿ' ಅಂತ ಸಲಹೆ ಕೊಡೋರು ಒಂದು ಸಲ ದಿಂಬಿನ ಮೇಲೆ ಕೂತು ಜೋರಾಗಿ ಬ್ರೇಕ್ ಹಾಕಿ ನೋಡಲಿ. ದಿಂಬು ಮುಂದಕ್ಕೆ ಜಾರುತ್ತೆ, ಜೊತೆಗೆ ನೀವೂ. ಸೊಂಟದ ಮೂಳೆ ಮೇಲಿರಬೇಕಾದ ಬೆಲ್ಟು ಹೊಟ್ಟೆ ಮೇಲಕ್ಕೆ ಬರುತ್ತೆ. ಮೂಳೆ ತಡೆಯೋ ಪೆಟ್ಟನ್ನು ಕರುಳು ತಡೆಯೋದಿಲ್ಲ.

ಅಕ್ಕ ತಾಲೂಕು ಕೇಂದ್ರದ ಒಂದು ಗ್ಯಾರೇಜಿಗೆ ಕೊಟ್ಟಳು. ಅವರು ಚೌಕ ಪೈಪು ಕತ್ತರಿಸಿ, ಸೀಟಿನ ರೈಲ್ ಕೆಳಗಿಟ್ಟು ವೆಲ್ಡ್ ಮಾಡಿ, ದುಡ್ಡು ಎಣಿಸಿಕೊಂಡರು. ರಸ್ತೆ ಕಂಡಿತು, ಸರಿ. ಆದರೆ ಈಗ ಕ್ಲಚ್ಚಿಗೆ ಕಾಲು ಎಟಕುತ್ತಿಲ್ಲ! ಸೊಂಟ ಮೇಲೆ ಹೋದರೆ ಪೆಡಲು ಅಷ್ಟು ದೂರ ಆಗುತ್ತೆ, ಹಾಗಾಗಿ ಸೀಟನ್ನು ಎತ್ತಿದಷ್ಟೇ ಸಾಲದು, ಮುಂದಕ್ಕೂ ತರಬೇಕು. ಎಷ್ಟೋ ಕಾರುಗಳಲ್ಲಿ ಸೀಟಿನ ರೈಲು ಮುಂದಕ್ಕೆ ಹೋದಂತೆ ಸ್ವಲ್ಪ ಮೇಲೇರುವಂತೆ ಓರೆಯಾಗಿರೋದು ಇದೇ ಕಾರಣಕ್ಕೆ. ಗ್ಯಾರೇಜಿನವರಿಗೆ ಅದು ಹೊಳೆಯಲಿಲ್ಲ. ಒಂದು ಮಳೆಗಾಲ ಮುಗಿಯೋದರೊಳಗೆ ವೆಲ್ಡಿಂಗ್ ಬಿರುಕು ಬಿಟ್ಟು, ಇಳಿಜಾರಲ್ಲಿ ಸೀಟು ಒಂದು ಪಕ್ಕಕ್ಕೆ ವಾಲಿತು. ಅಕ್ಕ ಗಟ್ಟಿಗಿತ್ತಿ, ಸ್ಟೇರಿಂಗ್ ಬಿಡಲಿಲ್ಲ. ಗ್ಯಾರೇಜಿನ ಉತ್ತರ ಏನು ಗೊತ್ತಾ? 'ಹೆಂಗಸರಿಗೆ ಯಾಕಮ್ಮ ಈ ಗಾಡಿ?'

ಇಂಥ ವೆಲ್ಡಿಂಗ್ ಶೂರರಿಗೆ ಒಂದು ಸಣ್ಣ ಲೆಕ್ಕ. 50 ಕಿ.ಮೀ. ವೇಗದಲ್ಲಿ ಗುದ್ದಿದ ಗಾಡಿಯಲ್ಲಿ 60 ಕೆ.ಜಿ.ಯ ಮನುಷ್ಯ 60 ಸೆಂ.ಮೀ. ಒಳಗೆ ನಿಲ್ಲಬೇಕು ಅಂದರೆ ಅವರನ್ನು ಹಿಡಿದಿಡೋಕೆ ಬೇಕಾದ ಬಲ ಸುಮಾರು ಒಂದು ಟನ್. ಬೆಲ್ಟಿನ ಬಕಲ್ ಸೀಟಿಗೇ ಕೂತಿರೋ ಗಾಡಿಗಳಲ್ಲಿ ಅದರ ದೊಡ್ಡ ಪಾಲು ಸೀಟಿನ ಬೋಲ್ಟುಗಳ ಮೇಲೇ ಬೀಳುತ್ತೆ. ಸೀಟು ಎತ್ತರವಾದಷ್ಟೂ ಸನ್ನೆಕೋಲಿನ ಹಾಗೆ ಬುಡವನ್ನು ಕೀಳೋ ಶಕ್ತಿ ಹೆಚ್ಚುತ್ತೆ. ಅಂಗಡಿಯಲ್ಲಿ ಸಿಕ್ಕ ಬೋಲ್ಟಿಗೆ ಅದು ಗೊತ್ತಿರಲ್ಲ. ಇನ್ನು ಹಳೇ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಡ್ರೈವರ್ ಸೀಟಿನ ಕೆಳಗೇ ಇಂಧನದ ಟ್ಯಾಂಕ್. ಅದನ್ನು ಇಳಿಸದೆ ಅಲ್ಲಿ ವೆಲ್ಡಿಂಗ್ ಹಿಡಿಯೋದು ಧೈರ್ಯ ಅಲ್ಲ, ಹುಚ್ಚು.

'ಸೀಟು ಎತ್ತಿದ್ರೆ ಗಾಡಿ ಪಲ್ಟಿ ಹೊಡೆಯುತ್ತೆ' ಅನ್ನೋ ಪಂಡಿತರಿಗೂ ಲೆಕ್ಕ ಇದೆ. 60 ಕೆ.ಜಿ.ಯನ್ನು ಮೂರಿಂಚು ಎತ್ತಿದರೆ 1,700 ಕೆ.ಜಿ. ಗಾಡಿಯ ಗುರುತ್ವ ಕೇಂದ್ರ ಮೇಲೇರೋದು 3 ಮಿಲಿಮೀಟರಿಗೂ ಕಡಿಮೆ. ಟಾಪ್ ಮೇಲೆ ಕ್ಯಾರಿಯರ್ ಬಿಗಿದು ಲಗೇಜು ಹೇರುವಾಗ ಈ ಕಾಳಜಿ ಎಲ್ಲಿ ಮಲಗಿರುತ್ತೆ?

ಕಾನೂನು ಏನನ್ನುತ್ತೆ? ಆರ್.ಸಿ.ಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಒಳ್ಳೇದೇ, ಸಿಕ್ಕಾಪಟ್ಟೆ ಕತ್ತರಿಸಿ ಅಂಟಿಸೋರಿಗೆ ಲಗಾಮು ಬೇಕು. ಅಂಗವಿಕಲರು ಗಾಡಿ ಮಾರ್ಪಡಿಸಿಕೊಳ್ಳೋಕೆ ಅದೇ ಕಾಯ್ದೆಯಲ್ಲಿ ದಾರಿಯೂ ಇದೆ. ಆದರೆ 4 ಅಡಿ 11 ಇಂಚು ಇರೋದು ವೈಕಲ್ಯ ಅಲ್ಲವಲ್ಲ! ಅಕ್ಕ ಆ ಬಾಗಿಲಿಂದಲೂ ಒಳಗೆ ಹೋಗಂಗಿಲ್ಲ, ಈ ಬಾಗಿಲಿಂದಲೂ ಹೋಗಂಗಿಲ್ಲ.

ಹಾಗಾಗಿ ನನ್ನ ಜಗಳ ಇರೋದು ಕೊನೆಗೂ ಗಾಡಿ ಮಾಡೋರ ಜೊತೆ. ಡ್ರೈವರ್ ಸೀಟನ್ನು ಎತ್ತರಿಸೋ ಒಂದು ಸನ್ನೆ ಯಾವ ರಾಕೆಟ್ ವಿಜ್ಞಾನ? ಅದನ್ನು ದುಬಾರಿ ಮಾದರಿಗೆ ಮಾತ್ರ ಕೊಟ್ಟು, ದೊಡ್ಡ ಟಚ್‌ಸ್ಕ್ರೀನ್ ಜೊತೆ ಸೌಕರ್ಯದ ಪಟ್ಟಿಗೆ ಸೇರಿಸ್ತೀರಲ್ಲ, ರಸ್ತೆ ಕಾಣೋದು ಸೌಕರ್ಯವಾ? ಏರ್‌ಬ್ಯಾಗ್ ಇರೋ ಗಾಡಿಯಲ್ಲಿ ಎದೆಗೂ ಸ್ಟೇರಿಂಗಿಗೂ ಕನಿಷ್ಠ 25 ಸೆಂ.ಮೀ. ಅಂತರ ಇರಲಿ ಅಂತ ತಜ್ಞರು ಹೇಳ್ತಾರೆ. ಸೀಟು ಏರದ, ಸ್ಟೇರಿಂಗ್ ಹಿಂದೆಮುಂದೆ ಆಗದ ಗಾಡಿಯಲ್ಲಿ ಕುಳ್ಳಗಿರೋರು ಕ್ಲಚ್ ತುಳೀಬೇಕಾ, ಅಂತರ ಕಾಯಬೇಕಾ?

ಎಲ್ಲಕ್ಕಿಂತ ಅಗ್ಗದ ಮಾದರಿಯಲ್ಲೂ ಏರೋ ಸೀಟು ಕಡ್ಡಾಯವಾಗಲಿ. ಹಳೇ ಗಾಡಿಗಳಿಗೆ ಕಂಪನಿಯೇ ಪರೀಕ್ಷೆ ಮಾಡಿದ ಸೀಟಿನ ಬುಡ, ಸರಿಯಾದ ಬೋಲ್ಟು ಮಾರಲಿ. ಅದನ್ನು ಹಾಕಿಸಿಕೊಂಡವರಿಗೆ ಆರ್.ಟಿ.ಓ. ಒಂದು ಮುದ್ರೆ ಒತ್ತಿ ಕಳಿಸಲಿ. ಅಲ್ಲೀತನಕ, ದಯವಿಟ್ಟು, ಹೆಂಗಸರ ಡ್ರೈವಿಂಗ್ ಬಗ್ಗೆ ಜೋಕು ಕಟ್ ಮಾಡಿ. ಬಾನೆಟ್ ಆಚೆ ಏನೂ ಕಾಣದೇ ಧರೆ-ಚರಂಡಿ ಮಧ್ಯೆ ಗಾಡಿ ತಗೊಂಡು ಹೋಗೋಕೆ ನಿಮ್ಮಿಂದಾಗುತ್ತಾ?